ಅಟ್ಟದ ಮೇಲಿನ ಪ್ಲೇಟುಗಳು

ನಮ್ಮ ಹೊನ್ನವಳ್ಳಿ ಸೀಮೆಯಲ್ಲಿ ಗ್ರಾಮಫೋನ್ ರೆಕಾರ್ಡಿಗೆ ಜನ ಇಟ್ಟ ಹೆಸರು ‘ಪ್ಲೇಟು’. ಅದನ್ನು ನುಡಿಸುವ ಯಂತ್ರ ಮನೆಗಳಿಂದ ಮರೆಯಾಗಿ ದಶಕಗಳೇ ಕಳೆದವು. ಮಾತು ಮಾತ್ರ ಉಳಿದಿದೆ. ಹೇಳಿದ್ದನ್ನೇ ಹೇಳುವವನಿಗೆ ‘ಅದೇ ಹಳೇ ಪ್ಲೇಟು ಹಾಕಬೇಡ ಕಣಯ್ಯ’ ಎನ್ನುತ್ತೇವೆ. ಬೆಳಗ್ಗೆ ಒಂದು ಪಕ್ಷ, ಸಂಜೆಗೆ ಇನ್ನೊಂದು ಪಕ್ಷ ಎನ್ನುವವನನ್ನು ‘ಪ್ಲೇಟು ಚೇಂಜ್ ಮಾಡಿದ’ ಎಂದು ಆಡಿಕೊಳ್ಳುತ್ತೇವೆ. ಹೀಗೆ ಆಡಿಕೊಳ್ಳುವ ಹುಡುಗರಲ್ಲಿ ಎಷ್ಟೋ ಮಂದಿ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ.

ಈಗ ನಗರಗಳಲ್ಲಿ ಪ್ಲೇಟಿಗೆ ಮತ್ತೆ ಕಾಲ ಬಂದಿದೆ. ಹೊಸ ಟರ್ನ್‌ಟೇಬಲ್ ಕೊಳ್ಳುವವರು, ಹಳೆಯದಕ್ಕೆ ಒಳ್ಳೆಯ ಮುಳ್ಳು ಹಾಕಿಸುವವರು, ‘ಪ್ಲೇಟಿನ ಇಂಪು ಡಿಜಿಟಲ್ಲಿಗೆ ಎಲ್ಲಿ ಬಂದೀತು’ ಎಂದು ವಾದಕ್ಕೆ ನಿಲ್ಲುವವರು ಹೆಚ್ಚಾಗಿದ್ದಾರೆ. ಮನೆಯಲ್ಲಿ ಒಂದಷ್ಟು ಹಳೆಯ ಪ್ಲೇಟು ಇಟ್ಟುಕೊಂಡು ಅವನ್ನು ನುಡಿಸುವ ಪೆಟ್ಟಿಗೆಯನ್ನು ಆಗಾಗ ಸುಧಾರಿಸುತ್ತ ಬಂದಿರುವ ನನಗೂ ಈ ವಾದದಲ್ಲಿ ಆಸಕ್ತಿಯಿದೆ. ಆದರೆ ಯಾವುದು ಹೆಚ್ಚು ಇಂಪು ಎಂಬಲ್ಲಿಗೇ ಪ್ರಶ್ನೆ ಮುಗಿಯುವುದಿಲ್ಲ. ಪ್ಲೇಟು ನಮ್ಮ ನಾಡಿನ ಚರಿತ್ರೆಯ ಒಂದು ದಾಖಲೆ. ಕಾಗದಪತ್ರಗಳಲ್ಲಿ ಜಾಗ ಸಿಗದ ಎಷ್ಟೋ ಜನ ಅದರೊಳಗೆ ಕುಳಿತಿದ್ದಾರೆ. ಅವರನ್ನು ಕಳೆಯದೆ ಮುಂದಿನವರಿಗೆ ದಾಟಿಸುವುದು ಹೇಗೆ ಎಂಬುದೇ ಮುಖ್ಯವಾದ ಪ್ರಶ್ನೆ.

1902ನೇ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮೊದಲ ಬಾರಿಗೆ ಹಿಂದೂಸ್ತಾನದ ಗಾಯಕ ಗಾಯಕಿಯರ ದನಿಯನ್ನು ಪ್ಲೇಟಿಗೆ ಇಳಿಸಿದರು. ಒಂದು ಬೆಳಕಿನ ಕತೆ, ಇನ್ನೊಂದು ದನಿಯ ಕತೆ. ನಮ್ಮಂಥ ಊರುಗಳಿಗೆ ಬೆಳಕಿಗಿಂತ ಮುಂಚೆ ಬಂದದ್ದು ದನಿ. ಗ್ರಾಮಫೋನಿಗೆ ಕರೆಂಟು ಬೇಕಿರಲಿಲ್ಲ. ಗಡಿಯಾರಕ್ಕೆ ಕೊಟ್ಟಂತೆ ಕೀ ಕೊಟ್ಟರೆ ಸಾಕು, ಒಳಗಿನ ಸ್ಪ್ರಿಂಗು ಪ್ಲೇಟನ್ನು ತಿರುಗಿಸುತ್ತಿತ್ತು. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದು ಆಮೇಲೆ ತಿಪಟೂರು ತಾಲ್ಲೂಕಿನ ಹೋಬಳಿಯಾದ ಹೊನ್ನವಳ್ಳಿ, ಗಂಗಾಪಾನಿ ಎಂಬ ಸಿಹಿನೀರಿನ ತೆಂಗಿಗೆ ಹೆಸರಾದ ಊರು. ಇಲ್ಲಿನ ಕೊಬ್ಬರಿ ತಿಪಟೂರಿನಿಂದ ರೈಲು ಹತ್ತಿ ದೂರದ ಪೇಟೆಗಳಿಗೆ ಹೋಗುತ್ತಿತ್ತು. ನಾಯಿ ಚಿತ್ರದ ಪ್ಲೇಟುಗಳು ಅದೇ ರೈಲುದಾರಿಯ ಪೇಟೆಗಳಿಂದ ನಮ್ಮ ಕಡೆಗೆ ಬಂದವು.

ಆ ಕಾಲದ ಪ್ಲೇಟು ಇಂದಿನ ವಿನೈಲ್ ಅಲ್ಲ, ಅರಗು. ಕಾಡಿನ ಮರಗಳ ಮೇಲೆ ಪುಟ್ಟ ಹುಳುಗಳು ಸುರಿಸುವ ಅರಗಿಗೆ ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆ ಬೆರೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ಪ್ಲೇಟು. ಈ ಅರಗಿನ ದೊಡ್ಡ ಭಂಡಾರ ನಮ್ಮ ದೇಶದ ಕಾಡುಗಳಲ್ಲೇ ಇತ್ತು. ಆದರೂ ಮೊದಲ ಕೆಲವು ವರ್ಷ ಇಲ್ಲಿ ಹಾಡಿದ ಹಾಡು ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಪ್ಲೇಟಾಗಿ ಹಡಗಿನಲ್ಲಿ ಮರಳಬೇಕಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಯಿತು, 1928ರಲ್ಲಿ ಅದು ಡಮ್‌ಡಮ್‌ಗೆ ಬಂತು.

ಗೈಸ್‌ಬರ್ಗ್ ಮುದ್ರಿಸಿಕೊಂಡವರಲ್ಲಿ ಎಲ್ಲರಿಗಿಂತ ಹೆಸರಾದವರು ಗೌಹರ್ ಜಾನ್. ಆಜಂಗಢದಲ್ಲಿ 1873ರಲ್ಲಿ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಏಂಜಲೀನಾ, ತಾಯಿಯ ಜೊತೆ ಇಸ್ಲಾಮಿಗೆ ಬಂದು ಗೌಹರ್ ಆದವರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಧ್ವನಿಮುದ್ರಣಗಳನ್ನು ಕೊಟ್ಟವರು. ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದರು. ಜರ್ಮನಿಯ ಕೆಲಸಗಾರರಿಗೆ ಯಾವ ಪ್ಲೇಟಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂಬುದು ಆ ಪದ್ಧತಿಯ ಹಿಂದಿನ ಲೆಕ್ಕಾಚಾರ. ಆದರೆ ಇಂದು ಕೇಳಿದರೆ ಅದು ಬೇರೆಯೇ ಅರ್ಥ ಕೊಡುತ್ತದೆ. ಕೋಠಿಯಲ್ಲಿ ಹಾಡುವ ಹೆಣ್ಣನ್ನು ಸಭ್ಯರ ಪಟ್ಟಿಗೆ ಸೇರಿಸಲು ಒಪ್ಪದ ಸಮಾಜದಲ್ಲಿ ಒಬ್ಬ ಹೆಣ್ಣು ತನ್ನ ಹೆಸರನ್ನು ತಾನೇ ಹೇಳಿ ದಾಖಲಿಸಿದಳು. ಮೆಹಫಿಲ್‌ಗೆ ಕಾಲಿಡಲಾಗದ ಮನೆಗಳ ಹೆಂಗಸರೂ ಚಿಲ್ಮನ್ನಿನ ಈಚೆ ಕುಳಿತು ಅವಳನ್ನು ಕೇಳುವಂತಾದದ್ದು ಪ್ಲೇಟಿನ ದೆಸೆಯಿಂದ.

ಆ ಗೌಹರ್ ಜಾನರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. ವ್ಯಾಜ್ಯಗಳಲ್ಲಿ ಹಣ ಕಳೆದುಕೊಂಡು ಬಳಲಿದ್ದ ಅವರನ್ನು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ 500 ರೂಪಾಯಿಯ ಮೇಲೆ ಆಸ್ಥಾನಕ್ಕೆ ಕರೆಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು, ಅವರು ಇಲ್ಲಿಯೇ ತೀರಿಕೊಂಡರು. ಅವರ ಒಡವೆ, ಬಗ್ಗಿ, ಮನೆಗಳೆಲ್ಲ ಹೋದವು. ಮೂರು ಮೂರು ನಿಮಿಷದ ಪ್ಲೇಟುಗಳು ಉಳಿದವು.

ಉತ್ತರ ಕರ್ನಾಟಕದಲ್ಲಿ ಪ್ಲೇಟು ಇನ್ನೂ ದೊಡ್ಡ ಕೆಲಸ ಮಾಡಿತು. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜದಿಂದ ಮೈಸೂರು ದರ್ಬಾರಿಗೆ ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ ಧಾರವಾಡಗಳ ನೆಲಕ್ಕೆ ಹಿಂದೂಸ್ತಾನಿಯ ಬೀಜ ಬಿತ್ತಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ನೇರ ಶಿಷ್ಯರು. ಗದಗಿನ ಹುಡುಗ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕತೆಯನ್ನು ಅವರೇ ಹೇಳುತ್ತಿದ್ದರು. ಗಂಗೂಬಾಯಿ ಹಾನಗಲ್ಲರೂ ಬಾಲ್ಯದಲ್ಲಿ ಬೀದಿಯ ಗ್ರಾಮಫೋನ್ ದನಿ ಕೇಳಿದರೆ ಮನೆಯಿಂದ ಹೊರಗೆ ಓಡಿಬರುತ್ತಿದ್ದರಂತೆ. ಉಸ್ತಾದನ ಮುಂದೆ ಕೂರಲು ಜಾತಿ, ಹಣ, ಹೆಣ್ಣು ಗಂಡೆಂಬ ಭೇದ ಅಡ್ಡ ಬರುತ್ತಿದ್ದ ಕಾಲದಲ್ಲಿ ಪ್ಲೇಟು ಯಾರನ್ನೂ ಏನನ್ನೂ ಕೇಳದೆ ಪಾಠ ಹೇಳಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಇಡೀ ದೇಶದ ಮನೆಮಾತಾದದ್ದೂ ಪ್ಲೇಟಿನಿಂದಲೇ. ಇತ್ತೀಚೆಗೆ ರಹಮತ್ ತರೀಕೆರೆಯವರು ಪುಸ್ತಕ ಬರೆಯುವವರೆಗೆ ಹೆಚ್ಚಿನ ಕನ್ನಡಿಗರಿಗೆ ಅವರು ನಮ್ಮವರೆಂಬುದೇ ಮರೆತುಹೋಗಿತ್ತು.

ಗಂಗೂಬಾಯಿಯವರ ವಿಷಯದಲ್ಲಿ ಪ್ಲೇಟು ಮತ್ತೊಂದು ಉಪಕಾರ ಮಾಡಿದೆ. ನಾವೆಲ್ಲ ಬಲ್ಲ ಅವರ ದನಿ ಗಂಭೀರವಾದದ್ದು, ಗಂಡಸಿನ ದನಿಯೆಂದು ತಪ್ಪು ತಿಳಿಯುವಷ್ಟು ದಪ್ಪವಾದದ್ದು. ಗಂಟಲಿನ ಚಿಕಿತ್ಸೆಯ ನಂತರ ಬಂದ ದನಿ ಅದು. 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದ ಪ್ಲೇಟುಗಳಲ್ಲಿ ಇರುವುದು ಸಣ್ಣನೆಯ, ಎತ್ತರದ, ಎಳೆಯ ಹೆಣ್ಣಿನ ದನಿ. ಆ ಪ್ಲೇಟುಗಳು ಇಲ್ಲದಿದ್ದರೆ ಅಂಥದೊಂದು ದನಿ ಇತ್ತೆಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ನಮ್ಮ ತುಮಕೂರು ಜಿಲ್ಲೆಯ ಕತೆ ನಾಟಕದ ಕತೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನಾಟಕದ ಹಾಡುಗಳು ಪ್ಲೇಟಾಗಿ, ನಾಟಕದ ಟೆಂಟು ಹೋಗಲಾರದ ಹಳ್ಳಿಗಳಿಗೂ ಹೋದವು. ಮುಂದೆ ಕರೆಂಟು, ಬ್ಯಾಟರಿ, ಕಹಳೆಯಂಥ ಲೌಡ್‌ಸ್ಪೀಕರು ಬಂದ ಮೇಲೆ ಪ್ಲೇಟು ಪಡಸಾಲೆಯಿಂದ ಬೀದಿಗೆ ಇಳಿಯಿತು. ಮೈಕ್‌ಸೆಟ್ ಬಾಡಿಗೆಗೆ ಕೊಡುವವರಲ್ಲಿ ನಮ್ಮ ಕಡೆ ಸಾಬರೂ ಬಹಳ ಮಂದಿ ಇದ್ದರು. ಒಂದೇ ಟ್ರಂಕಿನಲ್ಲಿ ಅವರ ಪ್ಲೇಟುಗಳು: ಮದುವೆಯ ಬೆಳಗಿಗೆ ನಾದಸ್ವರ, ಜಾತ್ರೆಗೆ ದೇವರನಾಮ, ಉರುಸಿಗೆ ಕವ್ವಾಲಿ, ಟೆಂಟ್ ಸಿನಿಮಾದ ಪರದೆ ಏಳುವ ಮುಂಚೆ ಚಿತ್ರಗೀತೆ. ಯಾವ ಮನೆಗೆ ಯಾವ ಹೊತ್ತಿಗೆ ಯಾವ ಪ್ಲೇಟು ಎಂಬುದು ಅವರಿಗೆ ಬಾಯಿಪಾಠ. ಕೋಮು ಸೌಹಾರ್ದ ಎಂಬ ದೊಡ್ಡ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಅದು ಅವರ ದಿನದ ಕೂಲಿಯಾಗಿತ್ತು.

ಪ್ಲೇಟಿನ ರೂಪಗಳು ಬದಲಾಗುತ್ತ ಹೋದವು. 1925ರವರೆಗೆ ಮೈಕು ಇರಲಿಲ್ಲ, ಗಾಯಕರು ಕಹಳೆಯೊಳಗೆ ಬಾಯಿಟ್ಟು ಕೂಗಬೇಕಿತ್ತು. ಸುಮಾರು 2,500 ಹರ್ಟ್ಸ್‌ಗಿಂತ ಮೇಲಿನ ನಾದ ಆ ಪ್ಲೇಟುಗಳಲ್ಲಿ ಹೆಚ್ಚುಕಡಿಮೆ ಇಲ್ಲ. ಆಮೇಲೆ ವಿದ್ಯುತ್ ಮೈಕು ಬಂದು ಉಸಿರು, ಮೀಂಡುಗಳೂ ದಾಖಲಾಗತೊಡಗಿದವು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ವಿನೈಲ್ ಎಲ್.ಪಿ. ತಂದಿತು. ಮೂರು ನಿಮಿಷಕ್ಕೆ ರಾಗ ಮುಗಿಸಬೇಕಾದ ಕಷ್ಟ ತಪ್ಪಿ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಮೀರಿ ಹಾಡುವ ಅವಕಾಶ ಸಿಕ್ಕಿತು. ಆದರೂ ನಮ್ಮ ದೇಶದಲ್ಲಿ ಅರಗಿನ 78ರ ಪ್ಲೇಟು 1960ರ ದಶಕದಲ್ಲೂ ತಯಾರಾಗುತ್ತಲೇ ಇತ್ತು. ಇಂಗ್ಲೆಂಡಿನಲ್ಲಿ ಹೊಸ ಪ್ಲೇಟುಗಳಲ್ಲಿ ಬರುತ್ತಿದ್ದ ಬೀಟಲ್ಸ್ ಹಾಡುಗಳು ಇಲ್ಲಿ 78ರಲ್ಲೂ ಬಂದವು. ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಡುವ ಯಂತ್ರಗಳು ಇನ್ನೂ ಜೀವಂತವಾಗಿದ್ದವು. ಅವುಗಳನ್ನು ಮೂಲೆಗೆ ಸರಿಸಿದ್ದು ಕ್ಯಾಸೆಟ್. ಕೆ.ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೆಸರು ಪಡೆದು ಮನೆಮನೆ ಹೊಕ್ಕಿತು. 1982ರಲ್ಲಿ ಸಿ.ಡಿ. ಬಂತು. ಪ್ಲೇಟುಗಳು ಅಟ್ಟ ಸೇರಿದವು.

ಈಗ ಆ ವಾದಕ್ಕೆ ಬರೋಣ. ಪ್ಲೇಟು ಮೇಲೋ ಡಿಜಿಟಲ್ ಮೇಲೋ? ಡಿಜಿಟಲ್ ದನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಪ್ಲೇಟಿನದು ಅಖಂಡ ಎಂದು ಹಲವರು ನಂಬಿದ್ದಾರೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದಿರುತ್ತಾರೆ. ಅದರ ಅರ್ಧದೊಳಗಿನ ಯಾವ ನಾದವನ್ನಾದರೂ ಆ ಅಳತೆಗಳಿಂದ ಮತ್ತೆ ನಯವಾದ ಅಲೆಯಾಗಿಯೇ ಕಟ್ಟಬಹುದೆಂಬುದು ಗಣಿತದಲ್ಲಿ ಸಿದ್ಧವಾದ ಮಾತು. ಅರ್ಧವೆಂದರೆ 22,050 ಹರ್ಟ್ಸ್. ಎಳೆಯ ಕಿವಿಗೆ ಕೇಳುವುದು 20,000ದವರೆಗೆ. ನಲವತ್ತು ದಾಟಿದ ನಮ್ಮಂಥವರಿಗೆ 15,000 ಕೇಳಿದರೆ ಅದೇ ಭಾಗ್ಯ. ಮೆಲುದನಿಗೂ ಏರುದನಿಗೂ ನಡುವಿನ ಅಂತರ ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್, ಒಳ್ಳೆಯ ಎಲ್.ಪಿ.ಯಲ್ಲಿ 65ರ ಆಸುಪಾಸು. ಲೆಕ್ಕದಲ್ಲಿ ಡಿಜಿಟಲ್ಲೇ ಗೆದ್ದಿತು.

ಪ್ಲೇಟಿಗೆ ಇನ್ನೊಂದು ಕೊರತೆಯೂ ಉಂಟು. ಹನ್ನೆರಡು ಇಂಚಿನ ಎಲ್.ಪಿ.ಯ ಹೊರಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳಅಂಚಿನಲ್ಲಿ ಸುಮಾರು 20 ಮಾತ್ರ. ಒಳಗೆ ಹೋದಂತೆ ದನಿ ಇಕ್ಕಟ್ಟಾಗುತ್ತದೆ, ಒರಟಾಗುತ್ತದೆ. ನಮ್ಮ ಸಂಗೀತದಲ್ಲಿ ಆಲಾಪ ನಿಧಾನವಾಗಿ ಶುರುವಾಗಿ, ದ್ರುತ್‌ನ ಬಿರುಸಿನ ತಾನುಗಳು ಕೊನೆಗೆ ಬರುತ್ತವೆ. ಅಂದರೆ ಗಾಯಕನ ಅತಿ ಕಷ್ಟದ ಕೆಲಸ ಪ್ಲೇಟಿನ ಅತಿ ದುರ್ಬಲ ಜಾಗದಲ್ಲಿ ಬೀಳುತ್ತದೆ.

ಹಾಗಿದ್ದೂ ಎಷ್ಟೋ ಸಲ ಹಳೆಯ ಪ್ಲೇಟು ಅದೇ ಹಾಡಿನ ಸಿ.ಡಿ.ಗಿಂತ ಚೆನ್ನಾಗಿ ಕೇಳಿಸುವುದು ನಿಜ. ಕಾರಣ ಡಿಜಿಟಲ್ ಅಲ್ಲ, ಅದನ್ನು ತಯಾರಿಸಿದ ಕೈ. ಚರಪರ ಸದ್ದು ಅಳಿಸಲು ಹೋಗಿ ತಂಬೂರಿಯ ಝೇಂಕಾರವನ್ನೂ ಅಳಿಸಿರುತ್ತಾರೆ. ಜೋರಾಗಿ ಕೇಳಲೆಂದು ಮೆಲುದನಿಯನ್ನೂ ಏರುದನಿಯ ಮಟ್ಟಕ್ಕೆ ಎತ್ತಿ ಸಪಾಟು ಮಾಡಿರುತ್ತಾರೆ. ಆಮೇಲೆ ಎಂ.ಪಿ.3 ಮಾಡುವಾಗ ಮತ್ತಷ್ಟು ಕಿತ್ತುಹಾಕುತ್ತಾರೆ. ಅತ್ತ ಈಗ ಪೇಟೆಗೆ ಬರುವ ಹೊಸ ವಿನೈಲ್ ಪ್ಲೇಟುಗಳಲ್ಲಿ ಬಹಳಷ್ಟನ್ನು ಡಿಜಿಟಲ್ ಕಡತದಿಂದಲೇ ಕೊರೆದಿರುತ್ತಾರೆ. ಹೀಗಾಗಿ ‘ಅಪ್ಪಟ ಪ್ಲೇಟಿನ ದನಿ’ ಎಂದು ದುಬಾರಿ ಬೆಲೆ ಕೊಡುವ ಮುಂಚೆ ಮೂಲ ಯಾವುದೆಂದು ಕೇಳುವುದು ಒಳ್ಳೆಯದು.

ಇಂಪಿಗಿಂತ ದೊಡ್ಡ ತೊಡಕು ವೇಗದ್ದು. 78ರ ಪ್ಲೇಟು ಎನ್ನುತ್ತೇವಾದರೂ ಹಳೆಯ ಪ್ಲೇಟುಗಳನ್ನು 70ರ ಹತ್ತಿರದಿಂದ 80ರ ಆಚೆಯವರೆಗೆ ಬೇರೆ ಬೇರೆ ವೇಗದಲ್ಲಿ ಮುದ್ರಿಸಿದ್ದಾರೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ದನಿ ಅರ್ಧ ಸ್ವರ ಮೇಲೇರುತ್ತದೆ. ಕಪ್ಪು ಒಂದರಲ್ಲಿ ಹಾಡಿದ ಉಸ್ತಾದರು ಬಿಳಿ ಎರಡರಲ್ಲಿ ಹಾಡಿದಂತಾಗುತ್ತದೆ. ವಯಸ್ಸಾದವರ ದನಿ ಎಳಸಾಗುತ್ತದೆ, ಲಯ ಓಡುತ್ತದೆ. ತಪ್ಪು ವೇಗದಲ್ಲಿ ಡಿಜಿಟಲ್ಲಿಗೆ ಇಳಿಸಿದರೆ ಆ ತಪ್ಪು ಒಂದು ಚೂರೂ ಮಾಸದೆ ಸಾವಿರ ಪ್ರತಿಗಳಾಗಿ ಹಬ್ಬುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜು ಕುಸಿದು, ಹಳೆಯ ಇಂಡಕ್ಷನ್ ಮೋಟಾರಿನ ಪೆಟ್ಟಿಗೆಯಲ್ಲಿ ಪ್ಲೇಟು ಎಳೆದೆಳೆದು ಹಾಡುತ್ತದೆ.

ಪ್ಲೇಟೂ ಡಿಜಿಟಲ್ಲೂ ಒಂದಕ್ಕೊಂದು ಹೇಗೆ ಆಸರೆಯಾಗಬಲ್ಲವು ಎಂಬುದಕ್ಕೆ ಮೈಸೂರಿನದೇ ಒಂದು ನಿದರ್ಶನವಿದೆ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು. ಅವರ ಸಂಗ್ರಹದಲ್ಲಿ ಸುಮಾರು 20,000 ಪ್ಲೇಟುಗಳಿದ್ದವೆಂದು ಅಂದಾಜು. ರಷ್ಯದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ಸಂಗೀತಗಾರ ಮೆಡ್ಟ್‌ನರ್‌ನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಅವರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡ ಮೇಲೆ, ಆತನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ 1950ರ ಮೇ 22ರಂದು ಲಂಡನ್ನಿನಲ್ಲಿ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಅದಕ್ಕೆ 4,800 ಡಾಲರಿನ ಭರವಸೆ ಕೊಟ್ಟವರು ನಮ್ಮ ಮಹಾರಾಜರು. ಅಂದಿನ ಕಚೇರಿಯನ್ನು ಪ್ಲೇಟಿಗೆ ಇಳಿಸಿ ಮೈಸೂರಿಗೆ ಕಳಿಸಿದರು. ಅದು ಅಸಿಟೇಟ್ ಎಂಬ ಮೆತ್ತನೆಯ ಪ್ಲೇಟು, ಪ್ರತಿ ಸಲ ನುಡಿಸಿದಾಗಲೂ ಸವೆಯುವಂಥದು. ಮುಂದೆ ಅದನ್ನು ಎಲ್.ಪಿ.ಗೆ ಇಳಿಸುವ ಹೊತ್ತಿಗೆ ತುಂಬ ಸವೆದಿತ್ತು, ಬಂದ ಎಲ್.ಪಿ. ಕೇಳಲಾಗದಷ್ಟು ಕಳಪೆಯಾಗಿತ್ತು. 2007ರಲ್ಲಿ, ಆಮೇಲೆ 2014ರಲ್ಲಿ, ಡಿಜಿಟಲ್ ತಂತ್ರದಿಂದ ಅದನ್ನು ಶುದ್ಧಿಮಾಡಿದ ಮೇಲೆ ಆ ಸಂಜೆಯ ದನಿ ಮತ್ತೆ ಕೇಳುವಂತಾಯಿತು. ಪ್ಲೇಟು ಇಲ್ಲದಿದ್ದರೆ ಶುದ್ಧಿಮಾಡಲು ಏನೂ ಇರುತ್ತಿರಲಿಲ್ಲ. ಡಿಜಿಟಲ್ ಇಲ್ಲದಿದ್ದರೆ ಆ ಪ್ಲೇಟಿನಿಂದ ನಮಗೆ ಹೆಚ್ಚೇನೂ ಸಿಗುತ್ತಿರಲಿಲ್ಲ.

ಆದ್ದರಿಂದ ಮನೆಯಲ್ಲಿ ಟರ್ನ್‌ಟೇಬಲ್ ಸುಧಾರಿಸುವವರು ಮೊದಲು ಪ್ಲೇಟಿನ ಆಯುಷ್ಯ ನೋಡಬೇಕು, ಆಮೇಲೆ ಕಿವಿಯ ಶೌಕು. ದೊಡ್ಡ ಸ್ಪೀಕರು, ದುಬಾರಿ ಆಂಪ್ಲಿಫೈಯರ್ ಕೊನೆಗೆ ಕೊಂಡರೆ ಸಾಕು. ಎಲ್ಲಕ್ಕಿಂತ ಮೊದಲು ಮುಳ್ಳು. ಕೀ ಕೊಡುವ ಯಂತ್ರದ ಉಕ್ಕಿನ ಮುಳ್ಳು ನೂರು ಗ್ರಾಂಗೂ ಮೀರಿದ ಭಾರದಿಂದ ಗೀರನ್ನು ಉಳುತ್ತಿತ್ತು. ಇಂದಿನ ಒಳ್ಳೆಯ ಕಾರ್ಟ್ರಿಜ್ಜಿನ ಭಾರ ಎರಡು ಗ್ರಾಂ ಆಸುಪಾಸು. ಎಲ್.ಪಿ.ಗೆ ಒಂದು ಇಂಚಿನ ಸಾವಿರದ ಒಂದು ಭಾಗ ಅಥವಾ ಅದಕ್ಕೂ ಚಿಕ್ಕ ತುದಿಯ ಮುಳ್ಳು ಬೇಕು, 78ಕ್ಕೆ ಅದರ ಮೂರರಷ್ಟು ದಪ್ಪದ್ದು ಬೇಕು. ಎಲ್.ಪಿ. ಮುಳ್ಳು 78ರ ಅಗಲ ಗೀರಿನ ತಳಕ್ಕೆ ಇಳಿದು ಕಸವನ್ನೇ ಕೆದಕುತ್ತದೆ, ಆಗ ಪ್ಲೇಟೇ ಹಾಳಾಗಿದೆ ಎಂದುಕೊಳ್ಳುತ್ತೇವೆ. ಮುಳ್ಳಿನ ನಂತರ ವೇಗ. 33⅓ಕ್ಕೆ 180 ಗೆರೆ, 78ಕ್ಕೆ 77 ಗೆರೆ ಎಳೆದ ಕಾಗದದ ಚಕ್ರವನ್ನು ಪ್ಲೇಟಿನ ಮೇಲಿಟ್ಟು ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ. ಗೆರೆಗಳು ನಿಂತಲ್ಲೇ ನಿಂತಂತೆ ಕಂಡರೆ ವೇಗ ಸರಿ. ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಹೊಂದಿದ ಲೆಕ್ಕವಿದು.

ಶುಚಿಮಾಡುವಾಗ ಒಂದು ಎಚ್ಚರಿಕೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್.ಪಿ.ಗೆ ಹಾಕುವ ಸ್ಪಿರಿಟ್ ಬೆರೆತ ದ್ರವವನ್ನು 78ರ ಪ್ಲೇಟಿಗೆ ಸೋಕಿಸಿದರೆ ಹಾಡೇ ಕರಗಿಹೋದೀತು. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವುದೂ ಬೇಡ, ಧೂಳು ಗೀರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಕಡೆಯ ಅಟ್ಟ ಕೊಬ್ಬರಿಗೆ ಹೇಳಿಮಾಡಿಸಿದ ಜಾಗ. ಸುಲಿಯದ ಕಾಯಿ ಅಲ್ಲಿ ಎಂಟು ಹತ್ತು ತಿಂಗಳು ಕೂತು, ನೀರು ಇಂಗಿ, ಒಳಗೊಳಗೇ ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಮಾಗಿಸುವ ಅದೇ ಬಿಸಿ ಪ್ಲೇಟನ್ನು ಹಪ್ಪಳದಂತೆ ಸೊಟ್ಟಗಾಗಿಸುತ್ತದೆ. ಮಳೆಗಾಲದ ಥಂಡಿ ಬೂಷ್ಟು ಹಿಡಿಸುತ್ತದೆ. ಪ್ಲೇಟಿನ ಜಾಗ ತಂಪಾದ ಒಳಕೋಣೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ.

ಇನ್ನು ಡಿಜಿಟಲ್ಲಿಗೆ ಇಳಿಸುವ ಮಾತು. ಕೆಲವು ವರ್ಷಗಳ ಹಿಂದೆ ನಗರದ ಅಂಗಡಿಯೊಂದರಲ್ಲಿ ನಮ್ಮ ಮನೆಯ ಒಂದಷ್ಟು ಪ್ಲೇಟುಗಳನ್ನು ಸಿ.ಡಿ.ಗೆ ಹಾಕಿಸಿದೆ. ಬಂದ ಸಿ.ಡಿ.ಯಲ್ಲಿ ಹಾಡುಗಳ ಹೆಸರು ‘ಟ್ರ್ಯಾಕ್ 1’, ‘ಟ್ರ್ಯಾಕ್ 2’. ಹಾಡಿದವರು ಯಾರು, ತಬಲ ಯಾರದು, ಯಾವ ಕಂಪನಿ, ಪ್ಲೇಟಿನ ಸಂಖ್ಯೆ ಎಷ್ಟು, ಹಿಂದುಗಡೆಯ ಹಾಡು ಯಾವುದು, ಏನೂ ಇಲ್ಲ. ಕೆಲವು ಪ್ಲೇಟುಗಳ ಕೊನೆಯಲ್ಲಿ ಗಾಯಕಿ ಹೇಳಿದ್ದ ಹೆಸರನ್ನು ಹಾಡಿನ ಭಾಗವಲ್ಲವೆಂದು ಕತ್ತರಿಸಿಯೂ ಹಾಕಿದ್ದರು. ನನಗೆ ನಿಜವಾಗಿ ನೋವಾದದ್ದು ಅಲ್ಲಿ. ನೂರು ವರ್ಷ ಅರಗಿನಲ್ಲಿ ಉಳಿದಿದ್ದ ಒಂದು ಹೆಣ್ಣಿನ ಹೆಸರು ಒಂದೇ ಮಧ್ಯಾಹ್ನದಲ್ಲಿ ‘ಟ್ರ್ಯಾಕ್ 6’ ಆಗಿಹೋಯಿತು. ಡಿಜಿಟಲ್ಲಿನ ನಿಜವಾದ ಅಪಾಯ ದನಿ ಒಣಗುವುದಲ್ಲ, ಹೆಸರು ಕಳಚಿಬೀಳುವುದು. ತವಾಯಫರ, ನಾಟಕದ ನಟಿಯರ, ಬೀದಿಯ ಕವ್ವಾಲರ ಬಗ್ಗೆ ಎಷ್ಟೋ ಸಲ ಆ ಚೀಟಿಯೊಂದೇ ನಮಗಿರುವ ದಾಖಲೆ.

ಆದುದರಿಂದ ಪ್ಲೇಟು ಇರುವವರು ನಾಲ್ಕು ಕೆಲಸ ಮಾಡಬಹುದು. ಎರಡೂ ಮಗ್ಗುಲಿನ ಚೀಟಿಯ ಫೋಟೋ ತೆಗೆದಿಡುವುದು. ಸಂಖ್ಯೆ, ಹೆಸರು, ಭಾಷೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಸರಿಯಾದ ಮುಳ್ಳು, ಸರಿಯಾದ ವೇಗದಲ್ಲಿ ಒಮ್ಮೆ ನುಡಿಸಿ, ಎಂ.ಪಿ.3 ಮಾಡದೆ, ಸದ್ದು ಅಳಿಸದೆ ಪೂರ್ತಿಯಾಗಿ ಕಾಪಿ ಮಾಡಿಕೊಳ್ಳುವುದು. ಶುದ್ಧಿಮಾಡುವ ಕೆಲಸ ಆ ಕಾಪಿಯ ಕಾಪಿಯ ಮೇಲೆ ನಡೆಯಲಿ. ಕೊನೆಯದಾಗಿ, ಕಾಪಿ ಆಯಿತೆಂದು ಪ್ಲೇಟನ್ನು ಗುಜರಿಗೆ ಹಾಕದಿರುವುದು. ನಾಳೆ ಇದಕ್ಕಿಂತ ಒಳ್ಳೆಯ ಮುಳ್ಳು, ಇದಕ್ಕಿಂತ ಒಳ್ಳೆಯ ತಂತ್ರ ಬಂದೀತು.

ಎರಡು ಭಾಷೆಗಳಲ್ಲಿ ಓದಿದ ನನಗೆ ಒಂದು ಪದ ಯಾವಾಗಲೂ ಸೋಜಿಗ. ಕನ್ನಡದ ಕಚೇರಿಗಳಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತೆಗೆದು ಪಕ್ಕಕ್ಕೆ ಕೂರಿಸುವುದು. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು, ಒಡೆಯರು ಕೇಳಿದಾಗ ಹಾಗೆಯೇ ಹಿಂತಿರುಗಿಸಬೇಕಾದದ್ದು. ನಮ್ಮ ಮನೆಗಳ ಪ್ಲೇಟುಗಳು ಬಹುಕಾಲದಿಂದ ಕನ್ನಡದ ಅರ್ಥದಲ್ಲಿ ಅಮಾನತಿನಲ್ಲಿವೆ. ಅವು ಉರ್ದುವಿನ ಅರ್ಥದ ಅಮಾನತ್ ಎಂಬುದು ಅಟ್ಟದಿಂದ ಅವನ್ನು ಇಳಿಸುವವರಿಗೆ ನೆನಪಿರಲಿ.